ಗಮಕದ ಜೊತೆ ನಡೆಯುವ ಆಕ್ಟೇವ್ ಪೆಡಲ್ ಆರಿಸುವುದು ಹೇಗೆ

ಎಲೆಕ್ಟ್ರಿಕ್ ಪಿಟೀಲು ಕೊಂಡ ವಿದ್ಯಾರ್ಥಿಗಳು ಸ್ವಲ್ಪ ದಿನಕ್ಕೇ ಬಂದು ಕೇಳುತ್ತಾರೆ: "ಮಿಸ್, ಆಕ್ಟೇವ್ ಪೆಡಲ್ ಯಾವುದು ತಗೊಳ್ಳಲಿ?" ನೀವು ನುಡಿಸಿದ ಸ್ವರಕ್ಕೆ ಕೆಳಗಿನ ಇಲ್ಲವೇ ಮೇಲಿನ ಸ್ಥಾಯಿಯ ಅದೇ ಸ್ವರವನ್ನು ಸೇರಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ ಅದು. ಅಷ್ಟರಲ್ಲಿ ಗಿಟಾರ್ ನುಡಿಸುವ ಗೆಳೆಯರು ಯಾರೋ ಒಂದು ಹೆಸರು ಹೇಳಿ ಕಳಿಸಿರುತ್ತಾರೆ. ಆ ಹೆಸರು ಗಿಟಾರಿಗೆ ಸರಿಯಾಗಿಯೇ ಇರುತ್ತದೆ. ಆದರೆ ಗಿಟಾರಿನಲ್ಲಿ ಫ್ರೆಟ್ ಅನ್ನುವ ಅಡ್ಡಪಟ್ಟಿಗಳು ಇವೆ, ಸ್ವರ ಬಹಳ ಮಟ್ಟಿಗೆ ಒಂದು ಕಡೆ ನಿಲ್ಲುತ್ತದೆ. ನಮ್ಮ ತೋಡಿ ರಾಗದ ಗಾಂಧಾರ ಹಾಗೆ ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು. ಪೆಡಲ್ಲಿನಲ್ಲಿ ಎಷ್ಟು ನಾಬ್ (ತಿರುಗಿಸುವ ಗುಂಡಿ) ಇವೆ ಅಂತ ನೋಡಬೇಡಿ. ನಿಮ್ಮ ಗಮಕದ, ಅಂದರೆ ಸ್ವರದ ಓಲಾಟ, ಜಾರುಗಳ ಹಿಂದೆ ಅದು ಬರುತ್ತದೆಯೇ ಅಂತ ನೋಡಿ.

ನಾನು ಮೈಸೂರಿನಲ್ಲಿ ಪಿಟೀಲು ಹೇಳಿಕೊಡುತ್ತೇನೆ. ಕಛೇರಿಗೆ ಮರದ ಪಿಟೀಲು. ಫ್ಯೂಷನ್ ತಂಡಕ್ಕೆ ಐದು ತಂತಿಯ ಎಲೆಕ್ಟ್ರಿಕ್ ಪಿಟೀಲು. ನಮ್ಮ ತಂಡದಲ್ಲಿ ಮೃದಂಗ, ಕೀಬೋರ್ಡ್, ಡ್ರಮ್ ಪ್ಯಾಡ್ ಇವೆ, ಬೇಸ್ ಗಿಟಾರ್ ಇಲ್ಲ. ಆ ಖಾಲಿ ಜಾಗವನ್ನು ಹಲವು ಹಾಡುಗಳಲ್ಲಿ ನನ್ನ ಆಕ್ಟೇವ್ ಪೆಡಲ್ ತುಂಬುತ್ತದೆ. ಆದ್ದರಿಂದ ಇಲ್ಲಿ ಹೇಳುವುದು ಹೆಚ್ಚಾಗಿ ಪಿಟೀಲಿನ ಕಡೆಯಿಂದ. ವೀಣೆ, ಮ್ಯಾಂಡೊಲಿನ್ ನುಡಿಸುವವರಿಗೂ ನಡುವೆ ಒಂದೆರಡು ಮಾತು ಇದೆ.

ಮೊದಲು ನಿಮ್ಮ ಕೆಳಗಿನ ತಂತಿಯನ್ನು ಅಳೆಯಿರಿ

ಪೆಡಲ್ ಮಾಡುವ ಕೆಲಸ ಸರಳ. ನೀವು ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ, ಇಲ್ಲವೇ ಮೇಲಿನ ಅದೇ ಸ್ವರವನ್ನು ಸೇರಿಸುತ್ತದೆ. ಕೆಲವು ಪೆಡಲ್ ಎರಡು ಸ್ಥಾಯಿ ಕೆಳಗಿನದ್ದನ್ನೂ ಕೊಡುತ್ತವೆ. ಒಂದು ಸ್ಥಾಯಿ ಕೆಳಗೆ ಅಂದರೆ ಕಂಪನದ ಸಂಖ್ಯೆ ಅರ್ಧ. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಅತಿ ಕೆಳಗಿನ ಜಿ ತಂತಿ 196 ಹರ್ಟ್ಸ್, ಅಂದರೆ ಸೆಕೆಂಡಿಗೆ 196 ಕಂಪನ. ಅದರ ಅರ್ಧ 98. ಅದು ಪಿಟೀಲಿನ ದೊಡ್ಡಣ್ಣ ಚೆಲ್ಲೋದ ಜಿ ತಂತಿಯ ಸ್ವರ. ಇನ್ನೊಮ್ಮೆ ಅರ್ಧ ಮಾಡಿದರೆ 49. ಬೇಸ್ ಗಿಟಾರಿನ ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್ ಇರುತ್ತದೆ, ಅಂದರೆ ನಾವು ಅದರ ಪಕ್ಕಕ್ಕೇ ಬಂದುಬಿಟ್ಟೆವು. ಐದು ತಂತಿಯ ಪಿಟೀಲಿನಲ್ಲಿ ಕೆಳಗೆ ಸಿ ತಂತಿ ಇದೆ, ಸುಮಾರು 131 ಹರ್ಟ್ಸ್. ಅದರ ಅರ್ಧ 65, ಚೆಲ್ಲೋದ ಅತಿ ಕೆಳಗಿನ ತಂತಿ.

ನಾವು ಸ-ಪ-ಸ-ಪ ಅಂತ ಶ್ರುತಿ ಮಾಡುವವರು. ಹಾಡುವವರ ಶ್ರುತಿಗೆ ತಕ್ಕಂತೆ ತಂತಿಯನ್ನು ಇಳಿಸುತ್ತೇವೆ, ಏರಿಸುತ್ತೇವೆ. ಆದ್ದರಿಂದ ಮೇಲಿನ ಅಂಕಿಗಳನ್ನೇ ನಂಬಿ ಕೂರಬೇಡಿ. ಫೋನಿನಲ್ಲಿ ಹರ್ಟ್ಸ್ ತೋರಿಸುವ ಟ್ಯೂನರ್ ಆಪ್ ಹಾಕಿಕೊಳ್ಳಿ. ನಿಮ್ಮ ಮಂದ್ರ ಷಡ್ಜದ ತಂತಿಯನ್ನು ಬಿಡಿ ತಂತಿಯಾಗಿ ಎಳೆದು ಅಂಕಿ ನೋಡಿ, ಬರೆದಿಟ್ಟುಕೊಳ್ಳಿ. ಅದರ ಅರ್ಧ ಎಷ್ಟು ಅನ್ನುವುದು ಮುಂದೆ ಆಂಪ್ (ಧ್ವನಿ ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಆರಿಸುವಾಗಲೂ, ವೇದಿಕೆಯ ಮೇಲೂ ಬೇಕಾಗುತ್ತದೆ.

ಪಿಟೀಲಿಗೆ ದೊಡ್ಡ ನಾದ ಬೇಕು ಅನ್ನುವ ಆಸೆ ನಮ್ಮೂರಿಗೆ ಹೊಸದಲ್ಲ. ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಜೊತೆಗೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಹಿಂದೆ ಕೂತವರಿಗೂ ಕೇಳಬೇಕು, ನಾದ ತುಂಬಿಕೊಂಡು ಬರಬೇಕು ಅನ್ನುವುದು ಅವರ ಹಂಬಲ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. "ಪೆಡಲ್ ಹಾಕಿದರೆ ಶಾಸ್ತ್ರೀಯತೆ ಹೋಗುತ್ತದೆಯಾ?" ಅಂತ ಅಳುಕುವ ಮಕ್ಕಳಿಗೆ ನಾನು ಚೌಡಯ್ಯನವರನ್ನು ನೆನಪಿಸುತ್ತೇನೆ.

ಒಳಗೆ ಏನು ನಡೆಯುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಮಾರುಕಟ್ಟೆಯಲ್ಲಿ ಹೆಸರು ನೂರಿವೆ, ಬಗೆ ಮೂರೇ.

ಮೊದಲನೆಯದು ಫಝ್ (ಬೇಕಂತಲೇ ಒಡೆಸಿದ ಧ್ವನಿ) ಜೊತೆಗೆ ಬರುವ ಮೇಲಿನ ಸ್ಥಾಯಿ. ಅಲೆಯ ಕೆಳಭಾಗವನ್ನು ಮಡಚಿ ಮೇಲಕ್ಕೆ ತಿರುಗಿಸಿದರೆ ಕಂಪನ ಎರಡರಷ್ಟಾಗುತ್ತದೆ. ರೋಜರ್ ಮೇಯರ್ ಮಾಡಿದ ಆಕ್ಟೇವಿಯಾ ಇದೇ ಜಾತಿ. 1967ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅದನ್ನು ಲೋಕಕ್ಕೆಲ್ಲ ಕೇಳಿಸಿದರು. ಒರಟು, ಉರಿಯುವ ಧ್ವನಿ. ರಾಕ್ ಹಾಡಿಗೆ ಸೊಗಸು. ರಾಗ ನುಡಿಸಲು ಇದನ್ನು ನಾನು ಹೇಳುವುದಿಲ್ಲ. ಎರಡು ತಂತಿ ಒಟ್ಟಿಗೆ ತಾಗಿದರೆ ಇಲ್ಲದ ಸ್ವರಗಳೆಲ್ಲ ಎದ್ದು ಬರುತ್ತವೆ, ಶ್ರುತಿಯೇ ಕೆಟ್ಟಂತೆ ಕೇಳುತ್ತದೆ.

ಎರಡನೆಯದು ಹಳೆಯ ಅನಲಾಗ್ ಆಕ್ಟೇವರ್. ನಿಮ್ಮ ತಂತಿ ಎರಡು ಸುತ್ತು ಕಂಪಿಸಿದಾಗ ಇದರೊಳಗಿನ ಸರ್ಕ್ಯೂಟ್ ಒಂದು ಸುತ್ತು ಹಾಕುತ್ತದೆ. ಅಷ್ಟೇ. ಬಾಸ್ ಕಂಪನಿ 1982ರಲ್ಲಿ ತಂದ ಓಸಿ-2 ಈ ಬಗೆಯಲ್ಲಿ ಎಲ್ಲರಿಗಿಂತ ಹೆಸರಾದದ್ದು. ಒಂದು ಸ್ಥಾಯಿ ಕೆಳಗೆ, ಎರಡು ಸ್ಥಾಯಿ ಕೆಳಗೆ, ನಿಮ್ಮ ಮೂಲ ಧ್ವನಿ, ಹೀಗೆ ಮೂರು ನಾಬ್. ಧ್ವನಿ ದುಂಡಗೆ, ಸ್ವಲ್ಪ ಸಿಂಥ್ ಥರ. ಎಂಎಕ್ಸ್‌ಆರ್ ಬ್ಲೂ ಬಾಕ್ಸ್ ಕೂಡ ಅರ್ಧ ಮಾಡುವ ಜಾತಿಯೇ, ಆದರೆ ಅದು ಎರಡು ಸ್ಥಾಯಿ ಕೆಳಗೆ ಹೋಗಿ ಮೇಲೆ ಫಝ್ ಬಳಿಯುತ್ತದೆ.

ಈ ಅನಲಾಗ್ ಬಗೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಇದು ಪ್ರತಿ ಸುತ್ತನ್ನೂ ಹಿಂಬಾಲಿಸುತ್ತದೆ. ಹಾಗಾಗಿ ಒಂದೇ ತಂತಿಯ ಮೇಲೆ ಜಾರು ಎಳೆದರೆ ಕೆಳಗಿನ ಸ್ವರವೂ ನುಣುಪಾಗಿ ಜಾರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಕಂಪಿತವೂ (ಸ್ವರದ ಓಲಾಟ) ಅಷ್ಟೇ ಚೆನ್ನ. ತೊಂದರೆ ಬೇರೆ ಕಡೆ ಇದೆ. ಇದಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಗೊತ್ತು. ಪಕ್ಕದ ಷಡ್ಜದ ತಂತಿಗೆ ಕಮಾನು ಕೊಂಚ ತಾಗಿದರೂ ಯಾವುದನ್ನು ಎಣಿಸಬೇಕು ಅಂತ ತಿಳಿಯದೆ ಧ್ವನಿ ಗುಳುಗುಳು ಅನ್ನುತ್ತದೆ. ನಾವು ಬೇಕಂತಲೇ ಷಡ್ಜ ಪಂಚಮಗಳನ್ನು ತಾಗಿಸಿ ನುಡಿಸುವವರು ಅಲ್ವಾ? ಇನ್ನೊಂದು ವಿಷಯ, ಕಮಾನಿನಿಂದ ಎಳೆದ ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆ ಹುಟ್ಟುವ ಉಪಸ್ವರಗಳು, ಬಹಳ ಜಾಸ್ತಿ. ಕಮಾನು ಕುದುರೆಯ (ತಂತಿಗಳನ್ನು ಹೊತ್ತ ಮರದ ತುಂಡು) ಹತ್ತಿರ ಹೋದಷ್ಟೂ ಅವು ಮೂಲ ಸ್ವರವನ್ನು ಮೀರಿಸುತ್ತವೆ. ಆಗ ಪೆಡಲ್ ತಪ್ಪು ಸ್ಥಾಯಿಗೆ ನೆಗೆಯುತ್ತದೆ, ಮತ್ತೆ ಇಳಿಯುತ್ತದೆ.

ಮೂರನೆಯದು ಡಿಜಿಟಲ್ ಪಾಲಿಫೋನಿಕ್. ಎರಡು ಮೂರು ತಂತಿ ಒಟ್ಟಿಗೆ ನುಡಿಸಿದರೂ ಎಲ್ಲವನ್ನೂ ಕೆಳಗೋ ಮೇಲೋ ಸರಿಸುತ್ತದೆ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಪಾಗ್ ಕುಟುಂಬ, ಅಂದರೆ ಮೈಕ್ರೋ ಪಾಗ್, ನ್ಯಾನೋ ಪಾಗ್, ಪಾಗ್2, ಇದರಲ್ಲಿ ಬರುತ್ತವೆ. ಟಿಸಿ ಎಲೆಕ್ಟ್ರಾನಿಕ್ ಕಂಪನಿಯ ಸಬ್ ಎನ್ ಅಪ್, ಬಾಸ್ ಓಸಿ-5, ಮೂಅರ್‌ನ ಪುಟ್ಟ ಪ್ಯೂರ್ ಆಕ್ಟೇವ್ ಎಲ್ಲವೂ ಪಾಲಿಫೋನಿಕ್ ಕೆಲಸ ಮಾಡುತ್ತವೆ. ಇವುಗಳಲ್ಲಿ ತಂಬೂರಿಯಂತೆ ಎರಡು ತಂತಿ ಎಳೆದರೂ ಗೊಂದಲವಿಲ್ಲ. ಆದರೆ ವೇಗದ ಕಂಪಿತದಲ್ಲಿ ಕೆಳಗಿನ ಸ್ವರದ ಅಂಚು ಸ್ವಲ್ಪ ಮಸುಕಾಗುತ್ತದೆ. ಎಷ್ಟು ಮಸುಕು ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಬರೆದಿರುವುದಿಲ್ಲ. ನುಡಿಸಿಯೇ ನೋಡಬೇಕು.

ಅಂಗಡಿಯಲ್ಲಿ ಏನು ನುಡಿಸಬೇಕು

ನಿಮ್ಮದೇ ಪಿಟೀಲು, ನಿಮ್ಮದೇ ಕಮಾನು, ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ. ಅಂಗಡಿಯವರು ಗಿಟಾರಿನಲ್ಲಿ ನುಡಿಸಿ ತೋರಿಸಿದರೆ ಕೇಳಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ. ಬೇಸ್ ಆಂಪ್ ಅಥವಾ ಕೀಬೋರ್ಡ್ ಆಂಪ್ ಕೇಳಿ ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ಒಳ್ಳೆಯ ಹೆಡ್‌ಫೋನ್. ಚಿಕ್ಕ ಪ್ರ್ಯಾಕ್ಟಿಸ್ ಆಂಪ್‌ನ ಸ್ಪೀಕರ್ 100 ಹರ್ಟ್ಸ್‌ಗಿಂತ ಕೆಳಗೆ ಬೇಗ ಸೊರಗುತ್ತದೆ. ಒಳ್ಳೆಯ ಪೆಡಲ್ ಕೂಡ ಅದರಲ್ಲಿ ಸಪ್ಪೆ.

ಮೊದಲು ಮೂಲ ಧ್ವನಿಯ ನಾಬ್ ಅನ್ನು ಪೂರ್ತಿ ಸೊನ್ನೆಗೆ ಇಳಿಸಿ. ಸಾಮಾನ್ಯವಾಗಿ ಅದರ ಮೇಲೆ ಡ್ರೈ ಅಥವಾ ಡೈರೆಕ್ಟ್ ಅಂತ ಇರುತ್ತದೆ. ಈಗ ಕೇಳುವುದು ಬರಿಯ ಕೆಳಗಿನ ಸ್ಥಾಯಿ. ನಿಮ್ಮ ಸ್ವಂತ ಧ್ವನಿ ಜೊತೆಗಿದ್ದರೆ ಅದು ಪೆಡಲ್ಲಿನ ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ಕೆಳಗಿನ ತಂತಿಯನ್ನು ಬಿಡಿಯಾಗಿ, ನಿಧಾನವಾಗಿ, ಪೂರ್ತಿ ಕಮಾನು ಎಳೆಯಿರಿ. ಶುರುವಿನಲ್ಲಿ ತಡವರಿಸುತ್ತದೆಯೇ? ಕೊನೆಯಲ್ಲಿ ಕಮಾನು ಹಗುರವಾಗಿ ಏಳುವಾಗ ಧ್ವನಿ ಸದ್ದಿಲ್ಲದೆ ಇಳಿಯುತ್ತದೆಯೇ, ಪಟಪಟ ಅಂತ ಒಡೆಯುತ್ತದೆಯೇ? ಅನಲಾಗ್ ಬಗೆಯಲ್ಲಿ ಈ ಕೊನೆಯ ಒಡಕು ಸ್ವಲ್ಪ ಇದ್ದೇ ಇರುತ್ತದೆ. ಅದು ಕಮಾನಿನ ಕೊನೆಯ ಒಂದು ಅಂಗುಲಕ್ಕೆ ಮುಗಿದರೆ ಚಿಂತೆಯಿಲ್ಲ. ಅರ್ಧ ಕಮಾನಿನಲ್ಲೇ ಶುರುವಾದರೆ ಬೇಡ.

ಆಮೇಲೆ ಗಮಕ. ನಾನು ತೋಡಿಯ ಗಾಂಧಾರದಿಂದ ಶುರು ಮಾಡುತ್ತೇನೆ. ಮೊದಲು ನಿಧಾನ, ಅಗಲವಾದ ಓಲಾಟ. ನಂತರ ಸಾಮಾನ್ಯ ವೇಗ. ಬರಿಯ ಕೆಳಸ್ಥಾಯಿಯನ್ನು ಕೇಳುತ್ತಾ ಇದು ತೋಡಿ ಅಂತ ಗುರುತು ಸಿಗುತ್ತಿದೆಯೇ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಓಲಾಟದ ಮೇಲ್ತುದಿ ಕೆಳತುದಿ ಎರಡೂ ಕೇಳಬೇಕು. ಕೆಲವು ಪೆಡಲ್‌ಗಳು ಎರಡು ತುದಿಯನ್ನೂ ತಿಂದು ನಡುವೆ ಒಂದು ಮಂಕು ಸ್ವರವನ್ನು ಕೊಡುತ್ತವೆ. ಅಂಥದ್ದು ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ತರಬೇಡಿ. ಆಮೇಲೆ ಒಂದೇ ತಂತಿಯ ಮೇಲೆ ಷಡ್ಜದಿಂದ ಪಂಚಮಕ್ಕೆ ಉದ್ದ ಜಾರು. ಅದು ಒಂದೇ ಗೆರೆಯಂತೆ ಬರಬೇಕು. ನಡುವೆ ಎಲ್ಲಾದರೂ ಚಟ್ ಅಂತ ನೆಗೆದರೆ ಮತ್ತೆ ಅದೇ ಜಾಗದಲ್ಲಿ ಎಳೆದು ನೋಡಿ. ಪ್ರತಿ ಸಲವೂ ಅಲ್ಲೇ ನೆಗೆದರೆ ತಪ್ಪು ನಿಮ್ಮ ಬೆರಳಿನದ್ದಲ್ಲ, ಪೆಡಲ್ಲಿನದ್ದು.

ವೇಗಕ್ಕೆ ಸರಳೆ ವರಸೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮಾಯಾಮಾಳವಗೌಳ ರಾಗ, ಮೂರು ಕಾಲ (ಒಂದಕ್ಕಿಂತ ಮುಂದಿನದು ಇಮ್ಮಡಿ ವೇಗ). ನಿಮಿಷಕ್ಕೆ 60 ಪೆಟ್ಟಿನ ತಾಳದಲ್ಲಿ ಮೂರನೇ ಕಾಲಕ್ಕೆ ಒಂದು ಸ್ವರಕ್ಕೆ ಸಿಗುವುದು ಸೆಕೆಂಡಿನ ಕಾಲು ಭಾಗ. ಯಾವ ಪೆಡಲ್ ಆದರೂ ಸ್ವರ ಯಾವುದು ಅಂತ ತಿಳಿಯಲು ಕನಿಷ್ಠ ಒಂದು ಸುತ್ತಾದರೂ ಕಾಯಬೇಕು. ಪಿಟೀಲಿನ ಜಿ ತಂತಿಗೆ ಒಂದು ಸುತ್ತು ಅಂದರೆ ಸುಮಾರು 5 ಮಿಲಿಸೆಕೆಂಡು. ಬೇಸ್ ಗಿಟಾರಿನ ಇ ತಂತಿಗೆ 24. ಅಂದರೆ ಈ ವಿಷಯದಲ್ಲಿ ಪಿಟೀಲಿನವರು ಅದೃಷ್ಟವಂತರು, ನಮ್ಮ ಸ್ವರವನ್ನು ಪೆಡಲ್ ಬೇಗ ಹಿಡಿಯಬಲ್ಲದು. ಹಾಗಿದ್ದೂ ಮೂರನೇ ಕಾಲದಲ್ಲಿ ಕೆಳಗಿನ ಸ್ವರ ಕಮಾನಿನ ಹಿಂದೆ ಎಳೆದಾಡಿದಂತೆ ಅನ್ನಿಸಿದರೆ ಆ ಪೆಡಲ್ ನಿಧಾನದ್ದು. ಮೃದಂಗದ ಜೊತೆ ಕೂತಾಗ ಅದು ಇನ್ನೂ ಎದ್ದು ಕೇಳುತ್ತದೆ.

ಕೊನೆಗೆ ಎರಡು ತಂತಿ ಒಟ್ಟಿಗೆ. ಕೆಳಗಿನ ಷಡ್ಜವನ್ನು ಶ್ರುತಿಯಾಗಿ ಎಳೆಯುತ್ತಾ ಪಕ್ಕದ ತಂತಿಯಲ್ಲಿ ನಾಲ್ಕು ಸ್ವರ ನುಡಿಸಿ. ನಿಮ್ಮ ಶೈಲಿಯಲ್ಲಿ ಇದು ಜಾಸ್ತಿ ಇದ್ದರೆ ಪಾಲಿಫೋನಿಕ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಇಷ್ಟೆಲ್ಲ ಆದ ಮೇಲೆ ಮಾತ್ರ ಮೂಲ ಧ್ವನಿಯ ನಾಬ್ ಏರಿಸಿ, ಎರಡೂ ಸೇರಿದ ನಾದ ಕೇಳಿ. ಆಗ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಅದಕ್ಕೇ ಅದನ್ನು ಕೊನೆಗೆ ಇಡಬೇಕು.

ಹಾಗಾದರೆ ಯಾವುದು?

ಒಂದೇ ಪೆಡಲ್ ಕೊಳ್ಳುವ ಪಿಟೀಲು ವಿದ್ಯಾರ್ಥಿಗೆ ನಾನು ಹಳೆಯ ಆಕ್ಟೇವರ್ ಸ್ವಭಾವ, ಪಾಲಿಫೋನಿಕ್ ಎರಡೂ ಒಂದರಲ್ಲೇ ಇರುವುದನ್ನು ಹೇಳುತ್ತೇನೆ. ಬಾಸ್ ಓಸಿ-5 2020ರಲ್ಲಿ ಬಂತು. ಅದರಲ್ಲಿ ಹಳೆಯ ಓಸಿ-2 ಸ್ವಭಾವದ ವಿಂಟೇಜ್ ಮೋಡ್ ಇದೆ, ಪಾಲಿ ಮೋಡ್ ಕೂಡ ಇದೆ. ಗಿಟಾರ್, ಬೇಸ್ ಅಂತ ಆರಿಸುವ ಸ್ವಿಚ್ ಕೂಡ ಇದೆ, ಪಿಟೀಲಿಗೆ ಗಿಟಾರ್ ಕಡೆ ಇಡಿ. ಸಬ್ ಎನ್ ಅಪ್ ಕೂಡ ಕ್ಲಾಸಿಕ್, ಪಾಲಿಫೋನಿಕ್ ಎರಡನ್ನೂ ಕೊಡುತ್ತದೆ. ಒಂಟಿ ತಂತಿಯ ಆಲಾಪನೆಗೆ ಹಳೆಯ ಮೋಡ್, ಷಡ್ಜ ತಾಗಿಸಿ ನುಡಿಸುವಾಗ ಪಾಲಿ. ಹೀಗೆ ಎರಡನ್ನೂ ಕಲಿತರೆ ಆರು ತಿಂಗಳಲ್ಲಿ ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಮೃದುವಾದ, ಆರ್ಗನ್ ಥರದ ಹಿನ್ನೆಲೆ ಇಷ್ಟಪಡುವವರಿಗೆ ನ್ಯಾನೋ ಪಾಗ್ ಅಥವಾ ಮೈಕ್ರೋ ಪಾಗ್. ಮೂಲ ಧ್ವನಿ, ಕೆಳಸ್ಥಾಯಿ, ಮೇಲ್‌ಸ್ಥಾಯಿ, ಮೂರೇ ನಾಬ್. ಮೂಲ ಧ್ವನಿಗೆ ಬೇರೆ ಔಟ್‌ಪುಟ್ ಇರುವುದು ಇವುಗಳ ದೊಡ್ಡ ಗುಣ. ಶುದ್ಧ ಪಿಟೀಲನ್ನು ಒಂದು ಚಾನೆಲ್‌ಗೆ, ಪೆಡಲ್ ಧ್ವನಿಯನ್ನು ಇನ್ನೊಂದಕ್ಕೆ ಕಳಿಸಬಹುದು. ಸೌಂಡ್‌ನವರಿಗೆ ಎರಡನ್ನೂ ಬೇರೆಬೇರೆಯಾಗಿ ಸರಿಮಾಡಲು ಆಗುತ್ತದೆ. ಪಾಗ್2 ಇನ್ನೂ ದೊಡ್ಡದು. ಎರಡು ಸ್ಥಾಯಿ ಕೆಳಗೆ, ಎರಡು ಸ್ಥಾಯಿ ಮೇಲೆ, ಜೊತೆಗೆ ಒಂದು ಫಿಲ್ಟರ್. ಆ ಫಿಲ್ಟರ್ ಪಿಟೀಲಿಗೆ ನಿಜವಾಗಿಯೂ ಉಪಯೋಗದ್ದು. ಸ್ವರವನ್ನು ಕೆಳಗೆ ಸರಿಸಿದಾಗ ಕಮಾನಿನ ಕರಕರ ಸದ್ದೂ, ಪಿಟೀಲಿನ ಮೈಯ ಗುಣವೂ ಜೊತೆಗೇ ಕೆಳಗಿಳಿಯುತ್ತವೆ. ಆದ್ದರಿಂದಲೇ ಅದು ಚೆಲ್ಲೋ ಆಗುವುದಿಲ್ಲ, ಗಂಟಲು ಕಟ್ಟಿದ ಪಿಟೀಲಿನಂತೆ ಕೇಳುತ್ತದೆ. ಕೆಳಸ್ಥಾಯಿಯ ಮೇಲಿನ ಭಾಗವನ್ನು ಫಿಲ್ಟರ್‌ನಿಂದ ಕತ್ತರಿಸಿದರೆ ಆ ಕರಕರ ಹೋಗಿ ಬರಿಯ ದಪ್ಪ ನಾದ ಉಳಿಯುತ್ತದೆ. ಆದರೆ ಬೆಲೆಯೂ ದೊಡ್ಡದು. ಮೊದಲ ಪೆಡಲ್ ಆಗಿ ಬೇಡ.

ಡಿಜಿಟೆಕ್ ವ್ಯಾಮಿ ಕೇಳುವವರೂ ಇದ್ದಾರೆ. ಕಾಲಿನಿಂದ ಒತ್ತಿದಂತೆ ಸ್ವರವೇ ಜಾರಿ ಮೇಲೆ ಹೋಗುವ ಪೆಡಲ್ ಅದು. ನಮಗೆ ಜಾರು ಬೆರಳಿನಲ್ಲೇ ಇದೆ. ಸುಮ್ನೆ ಅದಕ್ಕೆ ದುಡ್ಡು ಹಾಕುವುದು ಯಾಕೆ?

ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಯು. ಶ್ರೀನಿವಾಸ್ ಅವರು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸಿದ ಮೇಲೆ ನಮ್ಮಲ್ಲಿ ಅದೇ ದಾರಿ ಹಿಡಿದವರು ಬಹಳ. ಮೀಟಿದ ತಂತಿ ಬೇಗ ಆರುತ್ತದೆ, ಹಾಗಾಗಿ ಪೆಡಲ್ ಸ್ವರದ ಕೊನೆಯವರೆಗೂ ಜೊತೆಗಿರುತ್ತದೆಯೇ ಅನ್ನುವುದೇ ಮುಖ್ಯ. ಪೆಡಲ್‌ಗಿಂತ ಮೊದಲು ಒಂದು ಕಂಪ್ರೆಸರ್ (ಜೋರು, ಮೆಲ್ಲನೆಯ ಧ್ವನಿಗಳನ್ನು ಸಮ ಮಾಡುವ ಪೆಡಲ್) ಇಟ್ಟರೆ ಬಹಳ ಸುಧಾರಿಸುತ್ತದೆ. ವೀಣೆಯವರು ಅನಲಾಗ್ ಕಡೆ ಹೋಗಲೇಬೇಡಿ. ನಾಲ್ಕು ಮುಖ್ಯ ತಂತಿಯ ಜೊತೆ ಮೂರು ತಾಳದ ತಂತಿ ಒಂದೇ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಸಾಧನ) ಬರುತ್ತವೆ. ತಾಳ ಹಾಕಿದ ಪ್ರತಿ ಸಲವೂ ಅನಲಾಗ್ ಪೆಡಲ್ ದಿಕ್ಕು ತಪ್ಪುತ್ತದೆ. ಪಾಲಿಫೋನಿಕ್ ಆದರೆ, ಕೆಳಸ್ಥಾಯಿ ಕಡಿಮೆ ಇಟ್ಟರೆ, ವೀಣೆಯ ಮಂದ್ರಕ್ಕೆ ಬಹಳ ಗಾಂಭೀರ್ಯ ಬರುತ್ತದೆ.

ಪೆಡಲ್‌ಗಿಂತ ಮೊದಲು ಬರುವುದು

ಮರದ ಪಿಟೀಲಿಗೆ ಪಿಕಪ್ ಹಾಕಿಸಿಕೊಂಡವರು ಇದನ್ನು ಗಮನ ಇಟ್ಟು ಓದಿ. ಪಿಟೀಲಿನ ಪಿಕಪ್ ಹೆಚ್ಚಾಗಿ ಪೀಜೋ. ಅದರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಬಹಳ ಜಾಸ್ತಿ. ಅದನ್ನು ನೇರವಾಗಿ ಯಾವುದೋ ಪೆಡಲ್‌ಗೆ ಚುಚ್ಚಿದರೆ ಕೆಳಗಿನ ಸ್ವರಗಳ ಬಲ ಹೋಗಿ ಧ್ವನಿ ತಗಡಿನಂತಾಗುತ್ತದೆ. ಪೆಡಲ್‌ಗೆ ಬೇಕಾದದ್ದೇ ಆ ಮೂಲ ಸ್ವರದ ಬಲ. ಅದಿಲ್ಲದಿದ್ದರೆ ಹಾರ್ಮೋನಿಕ್ ಹಿಡಿದು ತಪ್ಪು ಸ್ಥಾಯಿಗೆ ಹೋಗುತ್ತದೆ. ಪೆಡಲ್ಲಿನ ಇನ್‌ಪುಟ್ ಕನಿಷ್ಠ 1 ಮೆಗಾ ಓಮ್ ಇರಲಿ. ಅದಕ್ಕಿಂತ ಒಳ್ಳೆಯದು ಪೆಡಲ್‌ಗಿಂತ ಮೊದಲು ಒಂದು ಪ್ರಿಆಂಪ್ (ಪಿಕಪ್‌ನ ಧ್ವನಿಗೆ ಬಲ ಕೊಡುವ ಪೆಟ್ಟಿಗೆ) ಇಡುವುದು. ಎಲ್‌ಆರ್ ಬ್ಯಾಗ್ಸ್ ಪ್ಯಾರಾ ಡಿಐ ಥರದ ಪ್ರಿಆಂಪ್‌ನಲ್ಲಿ ಇನ್‌ಪುಟ್ 10 ಮೆಗಾ ಓಮ್ ಇರುತ್ತದೆ, ಪೀಜೋಗೆ ಅದು ಹೇಳಿ ಮಾಡಿಸಿದ್ದು. ಪೆಡಲ್ ಕೆಟ್ಟದ್ದು ಅಂತ ನನ್ನ ಹತ್ತಿರ ತಂದವರಲ್ಲಿ ಎಷ್ಟೋ ಜನರಿಗೆ ಪ್ರಿಆಂಪ್ ಹಾಕಿದೊಡನೆ ಅದೇ ಪೆಡಲ್ ಸರಿಯಾಗಿದೆ. ಒಳಗೇ ಪ್ರಿಆಂಪ್ ಇರುವ ಎಲೆಕ್ಟ್ರಿಕ್ ಪಿಟೀಲಾದರೆ ಈ ಖರ್ಚು ಬೇಡ.

ಮೈಕ್ ಹಾಕಿ ಆಕ್ಟೇವ್ ಪೆಡಲ್ ನುಡಿಸುವ ಪ್ರಯತ್ನ ಬೇಡ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇರುತ್ತದೆ, ಮೃದಂಗ ಇರುತ್ತದೆ, ಎಲ್ಲವೂ ಮೈಕ್‌ನೊಳಗೆ ಬಂದು ಎಲ್ಲದಕ್ಕೂ ಕೆಳಸ್ಥಾಯಿ ಹುಟ್ಟುತ್ತದೆ. ಪಿಕಪ್ ಇದ್ದರೂ ಶ್ರುತಿಪೆಟ್ಟಿಗೆಯನ್ನು ಬೇರೆ ಚಾನೆಲ್‌ನಲ್ಲೇ ಇಡಿ, ಪೆಡಲ್ ದಾರಿಗೆ ಸೇರಿಸಬೇಡಿ.

ಜೋಡಿಸುವ ಕ್ರಮ ಹೀಗಿರಲಿ: ಪಿಟೀಲು, ಪ್ರಿಆಂಪ್, ಬೇಕಿದ್ದರೆ ಕಂಪ್ರೆಸರ್, ಆಮೇಲೆ ಆಕ್ಟೇವ್, ಆಮೇಲೆ ಡಿಸ್ಟಾರ್ಷನ್ ಇದ್ದರೆ ಅದು, ಕೊನೆಗೆ ಪ್ರತಿಧ್ವನಿ, ಗುಂಯ್‌ಗುಡುವಿಕೆ ಕೊಡುವ ಡಿಲೇ ಮತ್ತು ರಿವರ್ಬ್. ರಿವರ್ಬ್ ಅನ್ನು ಮೊದಲು ಇಟ್ಟರೆ ಹಿಂದಿನ ಸ್ವರದ ಬಾಲವೂ ಪೆಡಲ್ ಒಳಗೆ ಹೋಗಿ ಗೊಂದಲ.

ಕರೆಂಟಿನ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಲೈನ್ 50 ಹರ್ಟ್ಸ್‌ನದ್ದು. ಅಡಾಪ್ಟರ್ ಸರಿಯಿಲ್ಲದಿದ್ದರೆ ಬರುವ ಗುಂಯ್ ಸದ್ದು 50 ಮತ್ತು 100 ಹರ್ಟ್ಸ್‌ನಲ್ಲಿ ಇರುತ್ತದೆ. ಜಿ ತಂತಿಯ ಕೆಳಸ್ಥಾಯಿ 98 ಅಂತ ಮೇಲೆ ಹೇಳಿದೆನಲ್ಲ, ಗುಂಯ್ ಸದ್ದು ಅದರ ಪಕ್ಕದಲ್ಲೇ ಕೂತು ಶ್ರುತಿಗೆ ಕಿರಿಕಿರಿ ಮಾಡುತ್ತದೆ. ಗಿಟಾರಿನವರಿಗಿಂತ ನಮಗೆ ಇದು ಜಾಸ್ತಿ ಕೇಳಿಸುತ್ತದೆ, ಯಾಕೆಂದರೆ ನಾವು ಉದ್ದ ಸ್ವರ ಹಿಡಿಯುವವರು. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, ಒಳಗಿನ ಪಿನ್ ನೆಗೆಟಿವ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 9 ವೋಲ್ಟ್ ಅಡಾಪ್ಟರ್ ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಒಳಗಿನ ಪಿನ್ ಪಾಸಿಟಿವ್ ಇರುವಂಥವು. ಚುಚ್ಚುವ ಮೊದಲು ಅಡಾಪ್ಟರ್ ಮೇಲಿನ ಗುರುತು ನೋಡಿ, ಪೆಡಲ್ ಮೇಲಿನ ಗುರುತು ನೋಡಿ, ಎರಡೂ ಒಂದೇ ಇದ್ದರೆ ಮಾತ್ರ ಹಾಕಿ. ಎರಡು ಮೂರು ಪೆಡಲ್ ಇದ್ದರೆ ಪ್ರತಿ ಔಟ್‌ಪುಟ್ ಬೇರೆ ಇರುವ ಐಸೊಲೇಟೆಡ್ ಪವರ್ ಸಪ್ಲೈ ತೆಗೆದುಕೊಳ್ಳಿ.

ವೇದಿಕೆಯ ಮೇಲೆ

ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಮಿಕ್ಸರ್‌ನ ಪ್ರತಿ ಚಾನೆಲ್‌ನಲ್ಲಿ ಲೋ ಕಟ್ ಅನ್ನುವ ಗುಂಡಿ ಇರುತ್ತದೆ. ಒತ್ತಿದರೆ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತದೆ. ಪಿಟೀಲು ಅಂದೊಡನೆ ಸೌಂಡ್‌ನವರು ಅಭ್ಯಾಸಬಲದಿಂದ ಅದನ್ನು ಒತ್ತಿರುತ್ತಾರೆ. ಬರಿಯ ಪಿಟೀಲಿಗೆ ಅದು ಸರಿಯಾದ ಕ್ರಮವೇ. ಆದರೆ ನಿಮ್ಮ ಕೆಳಸ್ಥಾಯಿಯ ಅತಿ ಕೆಳಗಿನ ಸ್ವರಗಳು ಅಲ್ಲೇ ಸೊರಗಿಬಿಡುತ್ತವೆ. ಸೌಂಡ್ ಚೆಕ್‌ಗೆ ಹತ್ತಿದ ತಕ್ಷಣ ಹೇಳಿ: "ಅಣ್ಣಾ, ನನ್ನ ಚಾನೆಲ್‌ಗೆ ಲೋ ಕಟ್ ತೆಗೀರಿ, ಇದರಲ್ಲಿ ಬೇಸ್ ಬರುತ್ತೆ." ಮನೆಯಲ್ಲಿ ಬರೆದಿಟ್ಟುಕೊಂಡ ಅರ್ಧದ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. "70 ಹರ್ಟ್ಸ್ ತನಕ ಬೇಕು" ಅಂತ ನೇರವಾಗಿ ಹೇಳಿದರೆ ಅವರಿಗೂ ಸುಲಭ, ಗೌರವವೂ ಬೇರೆ.

ಎರಡು ಸ್ಥಾಯಿ ಕೆಳಗಿನದ್ದನ್ನು ತೆರೆದ ಮೈದಾನದಲ್ಲಿ ಬಹಳ ಕಡಿಮೆ ಬಳಸಿ. ದೊಡ್ಡ ಸಬ್ ಸ್ಪೀಕರ್‌ಗಳಲ್ಲಿ 49 ಹರ್ಟ್ಸ್ ನೆಲ ನಡುಗಿಸುತ್ತದೆ ನಿಜ, ಆದರೆ ಮೃದಂಗದ ಎಡಗಡೆಯ ಮೇಲೆ ಬಂದು ಕೂರುತ್ತದೆ. ಮೃದಂಗದವರ ಗುಮುಕಿ ಮುಚ್ಚಿಹೋದರೆ ತಂಡಕ್ಕೆ ನಷ್ಟ. ನಮ್ಮಲ್ಲಿ ಒಂದು ಒಪ್ಪಂದ ಇದೆ. ತನಿ ಆವರ್ತನ (ತಾಳವಾದ್ಯ ಮಾತ್ರ ನುಡಿಯುವ ಭಾಗ) ಶುರುವಾದೊಡನೆ ನನ್ನ ಪೆಡಲ್ ಆಫ್. ಪಲ್ಲವಿಗೆ ಮರಳಿದ ಮೇಲೆ ಮತ್ತೆ ಆನ್.

ಧ್ವನಿ ಹೊಂದಿಸಲು ನಾನು ಶುರು ಮಾಡುವ ಜಾಗ ಇದು: ಮೂಲ ಧ್ವನಿ ಪೂರ್ತಿ, ಒಂದು ಸ್ಥಾಯಿ ಕೆಳಗೆ ಮೂರನೇ ಒಂದು ಭಾಗ, ಎರಡು ಸ್ಥಾಯಿ ಕೆಳಗೆ ಸೊನ್ನೆ, ಮೇಲಿನ ಸ್ಥಾಯಿ ಸೊನ್ನೆ. ಪೆಡಲ್ ಆನ್ ಆಗಿದ್ದಾಗ ಗೊತ್ತಾಗಬಾರದು, ಆಫ್ ಮಾಡಿದಾಗ ಏನೋ ಹೋಯಿತು ಅನ್ನಿಸಬೇಕು. ಅಲ್ಲಿಂದ ಹಾಡಿಗೆ ತಕ್ಕಂತೆ ಏರಿಸಿ. ಆಲಾಪನೆಗೆ ಕಡಿಮೆ. ಬೇಸ್ ಥರ ಪದೇ ಪದೇ ಬರುವ ಸಾಲಿಗೆ ಮೂಲ ಧ್ವನಿಯನ್ನು ಇಳಿಸಿ, ಕೆಳಸ್ಥಾಯಿ ಜಾಸ್ತಿ ಮಾಡಿ, ಕಮಾನು ಬಿಟ್ಟು ಬೆರಳಿನಿಂದ ಮೀಟಿ. ಮೀಟಿದಾಗ ಸ್ವರದ ಆರಂಭ ಸ್ಪಷ್ಟ, ಯಾವ ಪೆಡಲ್ ಆದರೂ ಚೆನ್ನಾಗಿ ಹಿಡಿಯುತ್ತದೆ. ಪಿಟೀಲಿನ ಮೇಲಿನ ತಂತಿಗೆ ಮೇಲಿನ ಸ್ಥಾಯಿ ಸೇರಿಸಿದರೆ ಕಿವಿ ಕೊರೆಯುತ್ತದೆ. ಅದನ್ನು ಬೇಕಿದ್ದರೆ ಕೆಳಗಿನ ಎರಡು ತಂತಿಗೆ ಮಾತ್ರ, ಕೊಳಲು ಜೊತೆಗಿದ್ದಂತೆ ಕೇಳುವಷ್ಟು ಮಾತ್ರ ಬಳಸಿ.

ಕಮಾನಿನ ಕಡೆಯಿಂದಲೂ ಸ್ವಲ್ಪ ಸಹಾಯ ಮಾಡಬೇಕು. ಪೆಡಲ್ ಆನ್ ಇದ್ದಾಗ ಕಮಾನನ್ನು ಕುದುರೆಯಿಂದ ಕೊಂಚ ದೂರ, ಬೆರಳು ಹಲಗೆಯ ಕಡೆಗೆ ಸರಿಸಿ. ಮೂಲ ಸ್ವರ ಗಟ್ಟಿಯಾಗುತ್ತದೆ, ಹಾರ್ಮೋನಿಕ್ ತಗ್ಗುತ್ತದೆ. ರೋಸಿನ್ (ಕಮಾನಿಗೆ ಹಚ್ಚುವ ರಾಳ) ಜಾಸ್ತಿ ಬಳಿದಿದ್ದರೆ ಬಟ್ಟೆಯಿಂದ ತಂತಿ ಒರೆಸಿ. ಈ ಎರಡರಿಂದಲೇ ಹಳೆಯ ಬಗೆಯ ಪೆಡಲ್ಲಿನ ನೆಗೆತ ಬಹಳ ಕಡಿಮೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುವುದು ಜಾಸ್ತಿ. ಪೆಡಲ್ ಗಟ್ಟಿ ವಸ್ತು, ಬೇಗ ಕೆಡುವುದಿಲ್ಲ. ನೋಡಬೇಕಾದದ್ದು ಕೆಲವೇ. ಬ್ಯಾಟರಿ ಹಾಕುವ ಪೆಡಲ್ ಆದರೆ ಮುಚ್ಚಳ ತೆರೆದು ನೋಡಿ, ಬ್ಯಾಟರಿ ಸೋರಿ ಹಸಿರು ಬಿಳಿ ಪುಡಿ ಕಟ್ಟಿದ್ದರೆ ಬಿಡಿ. ಪ್ರತಿ ನಾಬ್ ಅನ್ನೂ ಧ್ವನಿ ಬರುತ್ತಿರುವಾಗಲೇ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕರಕರ ಬಂದರೆ ಬೆಲೆ ಇಳಿಸಿ ಕೇಳಿ. ಜ್ಯಾಕ್‌ನಲ್ಲಿ ಕೇಬಲ್ ಅಲುಗಿಸಿದಾಗ ಧ್ವನಿ ಹೋಗಿಬರುತ್ತಿದ್ದರೆ ರಿಪೇರಿ ಖರ್ಚು ಲೆಕ್ಕ ಹಾಕಿ. ಹಳೆಯ ಓಸಿ-2 ಸಿಕ್ಕರೆ ಅಡಾಪ್ಟರ್ ಜಾಗದ ಪಕ್ಕದ ಬರಹ ಓದಿ. ಮೊದಮೊದಲಿನವು ಬಾಸ್ ಕಂಪನಿಯದೇ ಎಸಿಎ ಅನ್ನುವ ಅಡಾಪ್ಟರ್‌ಗೆ ಮಾಡಿದವು, ಆಮೇಲಿನವು ಪಿಎಸ್‌ಎಗೆ. ಎಸಿಎ ಪೆಡಲ್‌ಗೆ ಈಗಿನ 9 ವೋಲ್ಟ್ ಕೊಟ್ಟರೆ ದೀಪ ಮಂಕಾಗಿ ಧ್ವನಿಯೂ ಸೊರಗುತ್ತದೆ. ಅದನ್ನು ಕೆಟ್ಟ ಪೆಡಲ್ ಅಂದುಕೊಂಡು ಬಿಟ್ಟು ಬರಬೇಡಿ. ಹೊಸ 9 ವೋಲ್ಟ್ ಬ್ಯಾಟರಿ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅದನ್ನು ಹಾಕಿ ನುಡಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ.